ಇವರ ಬಾಯಲ್ಲಿ ಉಳಿದ ಅಶಕ್ಯ

ಫೆಬ್ರುವರಿ ೧೨, ಬುಧವಾರ

ಇವತ್ತು ಇವರನ್ನು ಮಿರಜದ ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಸೇತುವೆ ದಾಟುವಾಗ ಕೆಳಗೆ ಕೃಷ್ಣೆಯನ್ನು ನೋಡಿ ಇವರು "ಅಶಕ್ಯ" ಎಂದರು. ಸಾಂಗ್ಲಿವಾಡಿಯಲ್ಲಿ ನಮ್ಮ ಬಾಗಿಲ ಮುಂದೆ ಕಾರು ನಿಂತಾಗ ಮತ್ತೊಮ್ಮೆ "ಅಶಕ್ಯ". ಸೊಸೆ ಕಾಂಚನ ಆರತಿ ತಂದು ಬೆಳಗುತ್ತಿದ್ದರೆ ಅವಳ ಮುಖಕ್ಕೇ "ಅಶಕ್ಯ!" ಪಾಪ, ಹೆದರಿ ಆರತಿಯನ್ನು ಅರ್ಧಕ್ಕೇ ಇಳಿಸಿದಳು.

ಬೇರೆ ಮಾತೇ ಇಲ್ಲ. ತಲೆಯೊಳಗಿನ ರಕ್ತನಾಳ ಕಟ್ಟಿಕೊಂಡು ಬಲಗೈ, ಬಲಗಾಲು ಸೋತಿವೆ, ಮಾತು ನಿಂತಿದೆ. ಮಾತು ಕಲಿಸುವ ಡಾಕ್ಟರಮ್ಮ ಹೇಳಿದ್ದು ಇಷ್ಟು: ನಾವು ಹೇಳಿದ್ದು ಅವರಿಗೆ ತಿಳಿಯುತ್ತದೆ, ತಾವು ಹೇಳಬೇಕೆಂದದ್ದು ಬಾಯಿಗೆ ಬರುವುದಿಲ್ಲ. ಕೆಲವರಿಗೆ ಹೀಗೆ ಒಂದೇ ಶಬ್ದ ಉಳಿಯುತ್ತದೆಯಂತೆ. ಬೇಕೆಂದರೂ ಬೇಡವೆಂದರೂ ಅದೇ ಬರುತ್ತದೆಯಂತೆ. ತಲೆ ಅಲ್ಲಾಡಿಸುವುದನ್ನೂ ಸದ್ಯಕ್ಕೆ ನಂಬಬೇಡಿ, ಹೌದು ಅಲ್ಲ ಎರಡೂ ಕಲಸಿಹೋಗಿವೆ ಎಂದರು. ಈ ಮೊದಲ ಕೆಲವು ತಿಂಗಳೇ ಮುಖ್ಯ, ಬಿಡದೆ ಮಾತಾಡಿಸಿ, ಬಿಡದೆ ನಡೆಸಿ ಎಂದರು.

ಯಾವ ಶಬ್ದ ಉಳಿಯುತ್ತದೆ ಎಂದು ನನ್ನನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದೆ. ನಮ್ಮ ಯಜಮಾನರು, ಜಯಪಾಲ ಸಾವಕಾರರು, ಹುಟ್ಟಿದ್ದೇ ಅರಿಶಿನದ ವ್ಯಾಪಾರಕ್ಕೆ. ರೈತ ರೇಟು ಹೇಳುವುದೇ ತಡ, ಹಣೆಗೆ ಕೈ ಹಚ್ಚಿ "ಅಶಕ್ಯ!" ನಾನು ಇಳಕಲ್ ಸೀರೆ ಎಂದರೆ "ಅಶಕ್ಯ". ಶ್ರವಣಬೆಳಗೊಳಕ್ಕೆ ಹೋಗಿಬರೋಣ ಎಂದರೆ "ಅಶಕ್ಯ, ಸೀಜನ್ ಐತಿ". ಸೀರೆ ಆಮೇಲೆ ಬಂತು, ಬೆಳಗೊಳಕ್ಕೂ ಹೋದೆವು, ಅದು ಬೇರೆ ಮಾತು. ಆದರೆ ಆ ಶಬ್ದ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ದೇವರು ಇವರ ಹತ್ತಿರ ಒಂದೇ ಮಾತು ಉಳಿಸುವುದಿದ್ದರೆ ನನ್ನ ಹೆಸರನ್ನಾದರೂ ಉಳಿಸಬಾರದಿತ್ತೇ?

ಬರೆಯುವ ಅಭ್ಯಾಸ ನನಗಿಲ್ಲ. ಇಷ್ಟು ವರ್ಷ ಈ ಮನೆಯಲ್ಲಿ ಇವರು ಮಾತಾಡಿದರು, ನಾನು ಕೇಳಿದೆ. ಈಗ ಮನೆ ಬಿಕೋ ಎನ್ನುತ್ತಿದೆ. ಅದಕ್ಕೇ ಮೊಮ್ಮಗಳ ಹಳೆಯ ವಹಿಯೊಂದನ್ನು ಹಿಡಿದು ಕೂತಿದ್ದೇನೆ. ಬಚ್ಚಿಡುವ ತಾಪತ್ರಯವಿಲ್ಲ. ಶೇಡಬಾಳದ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವಳು ಈ ಮನೆಯಲ್ಲಿ ನಾನೊಬ್ಬಳೇ. ಉಳಿದವರೆಲ್ಲ ಮರಾಠಿ ಶಾಲೆಯವರು, ಕನ್ನಡ ಆಡುತ್ತಾರೆ, ಅಕ್ಷರ ಬರುವುದಿಲ್ಲ.

ಫೆಬ್ರುವರಿ ೧೬, ರವಿವಾರ

ಬ್ರಾಹ್ಮಿಗೆ ರಜೆ. ಮಗ ಸಂಮೇದನ ಮಗಳು, ಮಿರಜದ ಒಂದು ಲ್ಯಾಬಿನಲ್ಲಿ ಕೆಲಸ. ದಿನವಿಡೀ ಊರವರ ರಕ್ತ ಪರೀಕ್ಷೆ ಮಾಡಿ, ಸಂಜೆ ಬಂದು ಅಜ್ಜನ ಮಂಚದ ಮೇಲೆಯೇ ಕೂರುತ್ತಾಳೆ. ಸಣ್ಣವಳಿದ್ದಾಗ ಅಜ್ಜನ ಸ್ಕೂಟರ್ ಮುಂದೆ ನಿಂತು ಅರಿಶಿನದ ಪೇಟೆಯೆಲ್ಲ ತಿರುಗಿದವಳು.

ಇವತ್ತು ಬೆಳ್ಳುಳ್ಳಿ ಹಾಕದ ಭಡಂಗ, ನಮ್ಮ ಸಾಂಗ್ಲಿ ಕಡೆಯ ಖಾರದ ಚುರುಮುರಿ, ಮಾಡಿದ್ದೆ. ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡವಳೇ, "ಅಜ್ಜಿ, ಅಶಕ್ಯ ಆಗೈತ್ರಿ ಭಡಂಗ!" ಎಂದಳು.

ಮಂಚದಿಂದ ಇವರು "ಅಶಕ್ಯ" ಎಂದರು. ಅಜ್ಜ ಮೊಮ್ಮಗಳು ಒಬ್ಬರನ್ನೊಬ್ಬರು ನೋಡಿ ನಕ್ಕರು. ನನಗೆ ರೇಗಿತು.

"ಅಶಕ್ಯ ಅಂದ್ರ ಆಗಲಾರದ್ದು. ಭಡಂಗ ಮುಂದ ಐತಿ, ತಿನ್ನಾಕತ್ತಿ, ಅಶಕ್ಯ ಹೆಂಗ ಆತ?"

"ಹಂಗಲ್ರಿ ಅಜ್ಜಿ. ನಂಬಾಕ ಆಗೂದಿಲ್ಲ ಅನ್ನೂವಷ್ಟು ಭಾರಿ ಇದ್ರ ನಾವು ಅಶಕ್ಯ ಅಂತೇವಿ. ಕಾಲೇಜಿನ್ಯಾಗಿಂದ ಎಲ್ಲಾರೂ ಹಂಗ ಅಂತಾರ. ಸಿನೆಮಾ ಅಶಕ್ಯ, ಬಿಸಲ ಅಶಕ್ಯ, ಆ ಮನಶ್ಯಾ ಅಶಕ್ಯ."

"ಚಲೋದಕ್ಕ ಅಂತೀರ್ಯೋ ಕೆಟ್ಟದ್ದಕ್ಕ ಅಂತೀರ್ಯೋ?"

"ಎರಡಕ್ಕೂ."

"ಹಂಗಾರ ಕೇಳಿದವರಿಗೆ ತಿಳಿಯೂದ್ ಹೆಂಗ?"

"ಮಾರಿ ನೋಡಿದ್ರ ತಿಳೀತೈತ್ರಿ," ಎಂದು ಇನ್ನೊಂದು ಮುಷ್ಟಿ ತುಂಬಿಕೊಂಡಳು.

ಶೇಡಬಾಳದ ನಮ್ಮ ಮಾಸ್ತರರು ಇದಕ್ಕೆ "ನಂಬಲಸಾಧ್ಯ" ಎಂದು ಬರೆಸುತ್ತಿದ್ದರು. ಬರೆದೆವು, ಆಡಲಿಲ್ಲ. ಅಂಥ ಮಾತನ್ನು ಬಾಯಲ್ಲಿ ಆಡಿದರೆ ಅವ್ವ ನಗುತ್ತಿದ್ದಳು. ನಮ್ಮ ಮನೆಯ ಮಾತು "ಖರೇ ಅನಸವಲ್ದು". ಅವ್ವ ತೀರಿದ ಸುದ್ದಿ ಬಂದಾಗ ನಾನು ಅಂದದ್ದು ಅದೇ. ಸಂಮೇದನನ್ನು ಮೊದಲ ಸಲ ನನ್ನ ಮಗ್ಗುಲಲ್ಲಿ ಮಲಗಿಸಿದಾಗ ಅಂದದ್ದೂ ಅದೇ. ಹಾಗೆ ನೋಡಿದರೆ ಬ್ರಾಹ್ಮಿ ಹೇಳಿದ್ದು ಸುಳ್ಳಲ್ಲ. ಅವಳ ಮುಂದೆ ಒಪ್ಪಿಕೊಳ್ಳಲಿಲ್ಲ.

ಫೆಬ್ರುವರಿ ೨೪, ಸೋಮವಾರ

ಕಾಂಚನ ತಟ್ಟೆ ತಂದಿಟ್ಟರೆ "ಅಶಕ್ಯ". ಬೇಡವೇನೋ ಎಂದು ಅವಳು ತಟ್ಟೆ ಒಯ್ಯುತ್ತಾಳೆ. ವ್ಯಾಯಾಮ ಮಾಡಿಸುವವನು "ಕಾಕಾ, ಏಳೋಣ?" ಎಂದರೆ "ಅಶಕ್ಯ". ಅವನೂ ಕಾಲು ನಾಲ್ಕು ಸಲ ಮಡಚಿ ಬಿಡಿಸಿ ಹೋಗುತ್ತಾನೆ. ಆ ಶಬ್ದಕ್ಕೆ ಅರ್ಥ ಹಚ್ಚಬೇಡಿ ಎಂದು ಡಾಕ್ಟರಮ್ಮ ಹೇಳಿದ್ದು ನೆನಪಿದೆ. ಆದರೆ ಎದುರಿಗೆ ಕೂತವರು ಹುಬ್ಬು ಗಂಟಿಕ್ಕಿ "ಅಶಕ್ಯ!" ಎಂದು ಗುಡುಗಿದರೆ ತುತ್ತು ಹಿಡಿದ ಕೈ ತಾನಾಗಿ ಹಿಂದೆ ಸರಿಯುತ್ತದೆ. ಹೊತ್ತು ಮುಳುಗಿದ ಮೇಲೆ ನಮ್ಮ ಜೈನರಲ್ಲಿ ಊಟವಿಲ್ಲ. ಆದ್ದರಿಂದ ಸಂಜೆಯ ಗಡಿಬಿಡಿಯಲ್ಲಿ ಸಿಕ್ಕಷ್ಟು ಗಂಜಿ ಹೊಯ್ದು ಬಾಯಿ ಒರೆಸುತ್ತೇನೆ.

ಎಡಗೈ ಒಂದು ಸುಮ್ಮನಿರುವುದಿಲ್ಲ. ಹಾಸಿಗೆಯ ಮೇಲೆ ಏನೋ ಹುಡುಕುತ್ತಲೇ ಇರುತ್ತದೆ. ನನ್ನ ಸೆರಗು, ನನ್ನ ಬೆರಳು, ಚಾದರದ ಅಂಚು, ಸಿಕ್ಕಿದ್ದನ್ನು ಹಿಡಿದೆಳೆಯುತ್ತದೆ. ಚಳಿಯೇನೋ ಎಂದು ಚಾದರದೊಳಗೆ ಸೇರಿಸಿ ಒತ್ತಿ ಮುಚ್ಚುತ್ತೇನೆ. ಮತ್ತೆ ಹೊರಗೆ ಬರುತ್ತದೆ.

ಇವತ್ತು ಗೂಟದ ಮೇಲಿನ ಹಳೆಯ ಟವೆಲನ್ನು ತೋರಿಸಿ ತೋರಿಸಿ "ಅಶಕ್ಯ" ಎಂದರು. ಪೇಟೆಗೆ ಹೋಗುವಾಗ ಸದಾ ಹೆಗಲ ಮೇಲಿರುತ್ತಿದ್ದದ್ದು. ಎಷ್ಟು ತಿಕ್ಕಿದರೂ ಅರಿಶಿನದ ಕಲೆ ಬಿಡದೆ ನನ್ನ ಕೈ ಸೋಲಿಸಿದ್ದು. ತಂದು ಮುಖ ಒರೆಸಿದೆ. ಸಿಟ್ಟಾದರು. ಕುತ್ತಿಗೆ ಒರೆಸಿದೆ. ಇನ್ನೂ ಸಿಟ್ಟಾದರು. ಮತ್ತೆ ಗೂಟಕ್ಕೆ ಹಾಕಿದೆ.

ಮಾರ್ಚ್ ೧

ದಣಿವು. ಅಶಕ್ಯ, ಅಶಕ್ಯ, ಅಶಕ್ಯ. ಇವತ್ತಿನದು ಇಷ್ಟೇ.

ಮಾರ್ಚ್ ೫, ಬುಧವಾರ

ಬಾಯಿಪಾಠ ಬಂದದ್ದು ಕೆಲವರಿಗೆ ಉಳಿದಿರುತ್ತದೆ, ಹಾಡು, ಪ್ರಾರ್ಥನೆ ಹೇಳಿಸಿ ನೋಡಿ ಎಂದು ಡಾಕ್ಟರಮ್ಮ ಹೇಳಿದ್ದರು. ಬೆಳಿಗ್ಗೆ ಸ್ನಾನ ಮಾಡಿಸಿ, ದಿಂಬಿಗೆ ಆನಿಸಿ ಕೂರಿಸಿ, ಣಮೋಕಾರ ಮಂತ್ರ ಹಿಡಿದೆ. "ಣಮೋ ಅರಿಹಂತಾಣಂ..."

ಇವರು ಕಣ್ಣು ಮುಚ್ಚಿದರು. ನನ್ನ ಜೊತೆಗೇ ರಾಗ ಎತ್ತಿದರು. ಏರುವಲ್ಲಿ ಏರಿದರು, ಇಳಿಯುವಲ್ಲಿ ಇಳಿದರು, ಎಳೆಯುವಲ್ಲಿ ಎಳೆದರು, ಒಂದು ಮಾತ್ರೆ ತಪ್ಪಲಿಲ್ಲ. ಆದರೆ ಮೊದಲಿನಿಂದ ಕೊನೆಯವರೆಗೆ ಶಬ್ದ ಒಂದೇ, ಅಶಕ್ಯ ಅಶಕ್ಯ ಅಶಕ್ಯ.

ಕಾಂಚನ ಓಡಿಬಂದು, "ಅತ್ತಿ, ಹಂಗ ಅನಸಬ್ಯಾಡ್ರಿ, ಪಾಪ ಹತ್ತೀತು," ಎಂದಳು. ನನಗೆ ನಗು ಬಂತು. ನಗುತ್ತಲೇ ಅಳು ಬಂತು. ಪಾಪ ಹತ್ತುವುದಿದ್ದರೆ ನನಗೆ ಹತ್ತಲಿ. ಇಷ್ಟು ಭಕ್ತಿಯಿಂದ ಇವರು ಮಂತ್ರ ಹೇಳಿದ್ದನ್ನು ನಾನು ಕಂಡಿರಲಿಲ್ಲ. ಮೊದಲೆಲ್ಲ ಒಂದು ಕಣ್ಣು ಗಡಿಯಾರದ ಮೇಲೆಯೇ ಇರುತ್ತಿತ್ತು.

ಮಾರ್ಚ್ ೧೦, ಸೋಮವಾರ

ಬ್ರಾಹ್ಮಿ ಅಡುಗೆಮನೆಗೆ ಬಂದು ಸುಮ್ಮನೆ ನಿಂತಳು. ಶೇಂಗಾ ಡಬ್ಬಿ ಮುಚ್ಚಳ ತೆಗೆಯುತ್ತಾಳೆ, ಹಾಕುತ್ತಾಳೆ. "ಏನ್ ಐತಿ ಹೇಳಿ ಬಿಡು," ಎಂದೆ.

ಹುಡುಗನ ಹೆಸರು ಅನೇಕಾಂತ. ಕಸಬೆ ಡಿಗ್ರಜದವನು, ನಮ್ಮ ಜೈನರವನೇ. ಕೃಷಿ ಓದಿ ಹೊಲ ಮಾಡುತ್ತಾನೆ. ತನ್ನ ಅಜ್ಜನನ್ನು ಸಕ್ಕರೆ ಪರೀಕ್ಷೆಗೆಂದು ಲ್ಯಾಬಿಗೆ ಕರೆತರುತ್ತಿದ್ದನಂತೆ. ಅಜ್ಜನ ಸಕ್ಕರೆ ಇಳಿದ ಮೇಲೂ ಬರುತ್ತಿದ್ದನಂತೆ.

"ಯಾರ ಮೊಮ್ಮಗಾ?"

"ಪಾಯಪ್ಪ ಅಜ್ಜಾರ್ದು."

ಡಿಗ್ರಜದ ಪಾಯಪ್ಪ! ಪ್ರತಿ ಸುಗ್ಗಿಯಲ್ಲೂ ಇವರು ಅವನ ಅರಿಶಿನದ ರಾಶಿ ನೋಡಲು ಹೋಗುವುದು, ಇಬ್ಬರೂ ಗಂಟಲು ಹರಿಯುವಂತೆ ಕೂಗಾಡುವುದು, ಮನೆಗೆ ಬಂದು ಕಾಲು ತೊಳೆಯುವಾಗಲೂ "ಆ ಪಾಯಪ್ಪಂದು ಅಶಕ್ಯ!" ಎನ್ನುವುದು. ಅಷ್ಟೆಲ್ಲ ಆಡಿ ಮಾಲು ತರುತ್ತಿದ್ದುದು ಮಾತ್ರ ಅವನ ಹೊಲದಿಂದಲೇ.

ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು, ಸಂಮೇದ ಕಾಂಚನ ಇಬ್ಬರೂ ಒಪ್ಪಿದ್ದಾರೆ. ಆದರೆ ನಮ್ಮ ಮನೆಯಲ್ಲಿ ಒಂದು ರೀತಿ ಇದೆ. ಮನೆಯ ಹಿರಿಯರು ತಮ್ಮ ಕೈಯಿಂದ ತೆಂಗಿನಕಾಯಿ ಕೊಟ್ಟರೆ ಮಾತ್ರ ಸಂಬಂಧ ಆದಂತೆ. ಇವರ ಅಪ್ಪ ಕೊಟ್ಟಿದ್ದರು, ಸಂಮೇದನ ಮದುವೆಗೆ ಇವರು ಕೊಟ್ಟಿದ್ದರು. ಬ್ರಾಹ್ಮಿಯೂ ಅದನ್ನೇ ಹಿಡಿದಿದ್ದಾಳೆ. "ಅಜ್ಜ ಕಾಯಿ ಕೊಡಬೇಕ್ರಿ. ಇಲ್ಲಂದ್ರ ನನಗ ಬ್ಯಾಡ," ಎಂದಳು. ಡಿಗ್ರಜದವರು ಮುಂದಿನ ರವಿವಾರ ಬರುತ್ತಾರೆ.

ಮಾರ್ಚ್ ೧೬, ರವಿವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ, ಇದನ್ನು ಯಾರಿಗೆ ಹೇಳಲಿ.

ಅನೇಕಾಂತ, ಅವನ ತಂದೆ, ತಾಯಿ ಬಂದರು. ಪಾಯಪ್ಪನಿಗೆ ಜ್ವರವೆಂದು ಬಿಟ್ಟು ಬಂದಿದ್ದರು. ಇವರಿಗೆ ಬಿಳಿ ಅಂಗಿ, ಟೋಪಿ ಹಾಕಿ ಕುರ್ಚಿಯಲ್ಲಿ ಕೂರಿಸಿದ್ದೆವು. ಹುಡುಗ ಕಾಲು ಮುಟ್ಟಿ ನಮಸ್ಕರಿಸಿದ. ಇವರು ಅವನ ಮುಖವನ್ನೇ ನೋಡಿದರು. ಸಂಮೇದ ಹತ್ತಿರ ಕೂತು, "ಅಪ್ಪಾ, ಪಾಯಪ್ಪ ಕಾಕಾನ ಮೊಮ್ಮಗಾ. ನಮ್ಮ ಬ್ರಾಹ್ಮಿಗೆ ಕೇಳಾಕ ಬಂದಾರ. ಕೊಡೂಣ?" ಎಂದ.

"ಅಶಕ್ಯ!"

ಸಂಮೇದ ಮತ್ತೆ ಕೇಳಿದ. "ಅಶಕ್ಯ! ಅಶಕ್ಯ!" ಕಣ್ಣಲ್ಲಿ ನೀರು, ಹಣೆಗೆ ಎಡಗೈ. ಕಾಂಚನ ತೆಂಗಿನಕಾಯಿಯನ್ನು ತೊಡೆಯ ಮೇಲಿಟ್ಟಳು. ಎಡಗೈ ಕಾಯಿಯನ್ನು ಬಿಟ್ಟು ಹುಡುಗನ ತಂದೆಯ ಕಡೆಗೆ ಬೀಸಿತು. ಕಾಯಿ ಉರುಳಿ ಮಂಚದ ಕೆಳಗೆ ಹೋಯಿತು. ಹುಡುಗನ ತಂದೆ ಬೆಚ್ಚಿ ಹಿಂದೆ ಸರಿದರು.

ಡಿಗ್ರಜದವರು ಸಂಭಾವಿತರು. ಏನೂ ಆಗದವರಂತೆ ಚಹಾ ಕುಡಿದರು, ಮಳೆ ಬೆಳೆ ಮಾತಾಡಿದರು, ಹೊರಟರು. ಅನೇಕಾಂತ ಮಾತ್ರ ಬಾಗಿಲಲ್ಲಿ ತಿರುಗಿ ಇವರನ್ನೊಮ್ಮೆ ನೋಡಿದ. ಬ್ರಾಹ್ಮಿ ಮಂಚದ ಕೆಳಗೆ ಬಗ್ಗಿ ಕಾಯಿ ತೆಗೆದು ಅಡುಗೆಮನೆಯಲ್ಲಿಟ್ಟು, ಕೋಣೆಗೆ ಹೋಗಿ ಕದ ಹಾಕಿಕೊಂಡಳು.

ಮಾರ್ಚ್ ೧೮

ಇವರನ್ನು ಬೈದೆ. ಬೈಯಬಾರದು, ರೋಗಿ, ಗೊತ್ತಿದೆ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಬೈದೆ.

"ಇಡೀ ಜನ್ಮ ಅದೇ ಅಂದ್ರಿ. ನನಗ ಅಂದ್ರಿ, ಹೋಗ್ಲಿ. ಆ ಹುಡುಗಿ ಏನ್ ಮಾಡ್ಯಾಳ? ನಿಮ್ಮ ಹೆಗಲ ಮ್ಯಾಲ ಬೆಳದ ಕೂಸು ಅದು. ರೈತಾ ಅಂತ ಬ್ಯಾಡೇನ? ಪಾಯಪ್ಪ ಅಂತ ಬ್ಯಾಡೇನ?"

"ಅಶಕ್ಯ," ಎಂದರು, ಬಹಳ ಮೆಲ್ಲಗೆ. ಎಡಗೈ ಮತ್ತೆ ನನ್ನ ಕೈಯನ್ನು ಹುಡುಕಿ ಬಂತು. ನನಗೆ ಸಿಟ್ಟು. ಎತ್ತಿ ಚಾದರದೊಳಗೆ ತಳ್ಳಿದೆ.

ಮಾರ್ಚ್ ೨೩, ರವಿವಾರ

ಸಂಮೇದ ಡಿಗ್ರಜಕ್ಕೆ ಫೋನ್ ಮಾಡಿದ. "ಅಪ್ಪಾಂದು ಮನಸಿಲ್ಲ ಕಾಣಸ್ತೈತಿ. ತಪ್ಪ ತಿಳ್ಕೋಬ್ಯಾಡ್ರಿ." ಆ ಕಡೆಯಿಂದಲೂ ತಪ್ಪು ತಿಳಿಯಲಿಲ್ಲ. ಅಕ್ಷಯ ತೃತೀಯಕ್ಕೆ ಹುಡುಗನ ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ಮುಗಿಸಬೇಕೆಂದು ಅವರ ಮನೆಯಲ್ಲಿ ಮೊದಲೇ ಆಡಿಕೊಂಡಿದ್ದರಂತೆ, ಇನ್ನು ಬೇರೆ ಕಡೆ ನೋಡುತ್ತೇವೆ ಎಂದರಂತೆ.

ಬ್ರಾಹ್ಮಿ ಅಳುವುದಿಲ್ಲ. ಕೆಲಸಕ್ಕೆ ಹೋಗುತ್ತಾಳೆ, ಬರುತ್ತಾಳೆ, ಅಜ್ಜನಿಗೆ ತುತ್ತು ಮಾಡಿ ಹಾಕುತ್ತಾಳೆ. ಇವತ್ತು ಅವಳಿಗಾಗಿಯೇ ಭಡಂಗ ಮಾಡಿದೆ. ತಿಂದು, "ಚಲೋ ಆಗೈತ್ರಿ ಅಜ್ಜಿ," ಎಂದಳು. ಚಲೋ! ಅಶಕ್ಯ ಎನ್ನುವುದನ್ನೇ ಬಿಟ್ಟಿದ್ದಾಳೆ. ಮನೆಯಲ್ಲಿ ಆ ಮಾತು ಈಗ ಇವರೊಬ್ಬರ ಪಾಲಿಗೆ ಉಳಿದಿದೆ. ಅದು ಕಿವಿಗೆ ಬೀಳದಿರಲಿ ಎಂದು ಹಂಬಲಿಸಿದವಳು ನಾನೇ. ಈಗ ಒಂದು ಸಲ ಅನ್ನಲಿ ಎಂದು ಅವಳ ಬಾಯನ್ನೇ ನೋಡುತ್ತಾ ಕೂತಿದ್ದೆ.

ಮಾರ್ಚ್ ೩೦, ರವಿವಾರ, ಯುಗಾದಿ ಪಾಡವಾ

ಇದನ್ನು ಇವತ್ತೇ ಬರೆದಿಡಬೇಕು. ಅಕ್ಷರ ಸೊಟ್ಟಾದರೆ ಆಗಲಿ.

ಊಟಕ್ಕೆ ಕೂರುವ ಹೊತ್ತಿಗೆ ಬಾಗಿಲಲ್ಲಿ ಬೈಕ್ ನಿಂತಿತು. ಹಿಂದಿನ ಸೀಟಿನಿಂದ ಪಾಯಪ್ಪ ಇಳಿದ. ಬಿಳಿ ಟೋಪಿ, ಧೋತರ, ಕೈಯಲ್ಲಿ ಹಸಿ ಅರಿಶಿನದ ಗಡ್ಡೆ ಕಟ್ಟಿದ ಚೀಲ. ಬೈಕ್ ಹೊಡೆದುಕೊಂಡು ಬಂದ ಅನೇಕಾಂತ ಹೊರಗೇ ನಿಂತ. ಸಂಮೇದ ಗಾಬರಿಯಿಂದ "ಬರ್ರಿ ಕಾಕಾ, ಕುಂದ್ರಿ," ಎಂದ. ಪಾಯಪ್ಪ ಅವನನ್ನು ದಾಟಿ ನೇರ ಮಂಚದ ಹತ್ತಿರ ಹೋದ.

"ಏನ್ರಿ ಸಾವಕಾರ್ರ, ನನ್ನ ಮಗಾ ಸೊಸಿ ಬಂದಾಗ ಅಶಕ್ಯ ಅಂದ್ರಂತ?"

ಇವರ ಮುಖ ಅರಳಿದ್ದನ್ನು ನಾನು ನೋಡಿದೆ. ಮನೆಗೆ ಬಂದ ಮೇಲೆ ಹಾಗೆ ಅರಳಿರಲಿಲ್ಲ. "ಅಶಕ್ಯ!" ಎಂದರು.

"ಅನ್ನೂದ! ಮೊದಲನೇ ಮಾತಿಗೆ ಹೂಂ ಅಂದಿದ್ರ ಈ ಮನಶ್ಯಾಗ ಏನೋ ಆಗೈತಿ ಅಂತ ನಾನು ಅಂಜತಿದ್ದೆ."

ಯಾರನ್ನೂ ಕೇಳದೆ ಗೂಟದ ಮೇಲಿನ ಟವೆಲನ್ನು ತೆಗೆದ. ಮಂಚದ ಅಂಚಿಗೆ ಕೂತು ಬಲಗೈ ಚಾಚಿದ. ಇವರ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಪಾಯಪ್ಪ ಅದನ್ನು ನೋಡಿದ. ಆಮೇಲೆ ಎದ್ದು ಆ ಕಡೆ ಹೋಗಿ ಕೂತು ತನ್ನ ಎಡಗೈ ಚಾಚಿದ. ಇವರ ಎಡಗೈ ಹಾರಿ ಬಂದು ಹಿಡಿಯಿತು. ಎರಡು ಕೈಗಳ ಮೇಲೆ ಟವೆಲ್ ಹಾಕಿದ.

ಆಗ ನನಗೆ ನೆನಪಾಯಿತು. ಹಳೆಯ ಕಾಲದಲ್ಲಿ ರಾಶಿಯ ಮುಂದೆ ವ್ಯಾಪಾರ ಹೀಗೆ ಆಗುತ್ತಿತ್ತಂತೆ. ಸುತ್ತ ನಿಂತವರಿಗೆ ರೇಟು ತಿಳಿಯಬಾರದೆಂದು ಟವೆಲಿನ ಕೆಳಗೆ ಬೆರಳು ಒತ್ತಿ ಮುಗಿಸುತ್ತಿದ್ದರಂತೆ. ನಾನು ಕೇಳಿದ್ದೆ, ಕಂಡಿರಲಿಲ್ಲ. ರಾಶಿಯ ಹತ್ತಿರ ಹೆಂಗಸರನ್ನು ಯಾರು ಬಿಡುತ್ತಿದ್ದರು? ನಾನು ಕಂಡದ್ದು ಆ ಟವೆಲಿನ ಕಲೆಯನ್ನು ಮಾತ್ರ.

"ನನ್ನ ಮೊ‌ಮ್ಮಗನ ಮ್ಯಾಲ ಸಿಟ್ಟ ಐತ್ರಿ?" ಎಂದ ಪಾಯಪ್ಪ.

"ಅಶಕ್ಯ!" ಟವೆಲ್ ಕೊಡವಿದಂತಾಯಿತು.

"ಹುಡುಗಿನ ನಮ್ಮ ಮನಿಗೆ ಕೊಡತೀರಿ?"

"ಅಶಕ್ಯ!" ಅದೇ ಗುಡುಗು, ಅದೇ ಗಂಟಿಕ್ಕಿದ ಹುಬ್ಬು. ಟವೆಲ್ ಅಲುಗಲಿಲ್ಲ. ಪಾಯಪ್ಪನ ಕಣ್ಣು ತುಂಬಿ ಬಂತು.

"ಆತ್ರಿ ವಹಿನಿ. ಕೊಟ್ರು," ಎಂದು ನನಗೆ ಹೇಳಿದ.

ಸಂಮೇದ ಒಪ್ಪಲಿಲ್ಲ. ನನ್ನ ಮಗನೂ ವ್ಯಾಪಾರಿಯೇ. "ಕಾಕಾ, ಅಪ್ಪ ಅಶಕ್ಯ ಅಂದದ್ದು ಎಲ್ಲಾರೂ ಕೇಳೇವಿ. ಒಳಗ ಏನಾತು ನಿಮಗಷ್ಟ ಗೊತ್ತು. ಸಂಬಂಧ ಬೇಕಂದವರೂ ನೀವ. ನಾ ಹೆಂಗ ನಂಬಲಿ?"

ಪಾಯಪ್ಪ ಸಿಟ್ಟಾಗಲಿಲ್ಲ. "ಬರೋಬರಿ ಅಂದಿ. ನನ್ನ ನಂಬಬ್ಯಾಡ. ಬಾಯಿ ಸುತ್ತ ನಿಂತವರ ಸಲವಾಗಿ ಇರತಿತ್ತಪ್ಪಾ, ಕೈ ನಮ್ಮಿಬ್ಬರ ಸಲವಾಗಿ. ನಿಮ್ಮಪ್ಪ ಬಾಯಿಲೆ ಹೂಂ ಅಂದದ್ದ ಇಲ್ಲ ನನಗ. ಮನಸಿಗೆ ಬಂದ್ರ ಹೆಬ್ಬೆರಳಿಲೆ ನನ್ನ ಅಂಗೈ ಒತ್ತವರು. ಬರಲಿಲ್ಲಂದ್ರ ಕೈ ಕೊಡವಿ ಬಿಡವರು. ವಹಿನಿ, ನೀವ ಬರ್ರಿ. ನೀವ ಕೈ ಹಾಕ್ರಿ."

ನಾನು! ಎಲ್ಲರೆದುರು! ಸೆರಗು ಹೊದ್ದುಕೊಂಡು ಹೋಗಿ ಕೂತೆ. ಟವೆಲಿನ ಕೆಳಗೆ ಕೈ ಹಾಕಿದೆ. ಬಿಸಿಯಾದ ಒರಟು ಕೈ ನನ್ನ ಕೈಯನ್ನು ಹಿಡಿಯಿತು. ಏನು ಕೇಳಬೇಕೆಂದು ತಿಳಿಯಲಿಲ್ಲ.

"ನಿಮ್ಮ ಹೆಸರು ಪಾಯಪ್ಪ ಏನ್ರಿ?" ಎಂದೆ. ಕಾಂಚನ ಕಿಸಕ್ಕೆಂದಳು.

"ಅಶಕ್ಯ!" ಕೈ ಕೊಡವಿ ಬಿಟ್ಟಿತು.

"ನನ್ನ ತವರು ಶೇಡಬಾಳ?"

"ಅಶಕ್ಯ." ಹೆಬ್ಬೆರಳು ನನ್ನ ಅಂಗೈಯ ನಡುವೆ ಬಂದು ಒತ್ತಿತು.

"ಅಲ್ಲಿಂದ ನನ್ನ ಎತ್ತಿನ ಗಾಡ್ಯಾಗ ಕರಕೊಂಡ ಬಂದ್ರಿ?" ಕೊಡವಿತು. ಸರಿಯೇ, ಬಂದದ್ದು ರೈಲಿನಲ್ಲಿ, ಮಿರಜ ಸ್ಟೇಶನ್ನಿಗೆ. ಬ್ರಾಹ್ಮಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳನ್ನು ನೋಡುತ್ತಲೇ ಕೇಳಿದೆ, "ನಮ್ಮ ಬ್ರಾಹ್ಮಿನ ಅನೇಕಾಂತಗ ಕೊಡೂದ್ರಿ?"

"ಅಶಕ್ಯ! ಅಶಕ್ಯ!" ಬಾಯಿ ಕೂಗುತ್ತಿತ್ತು, ಹೆಬ್ಬೆರಳು ಒತ್ತುತ್ತಿತ್ತು, ಅಂಗೈ ನೋಯುವಷ್ಟು.

ನಾನು ಹೌದೆಂದು ತಲೆಯಾಡಿಸಿದೆ. ಸಂಮೇದ ಕೂತಲ್ಲೇ ಮುಖ ಮುಚ್ಚಿಕೊಂಡ. ಬ್ರಾಹ್ಮಿ ಓಡಿಬಂದು ಅಜ್ಜನ ಕೊರಳಿಗೆ ಬಿದ್ದು, "ಅಜ್ಜಾ, ನೀವು ಅಶಕ್ಯ ಇದ್ದೀರಿ!" ಎಂದು ಗೊಳೋ ಎಂದು ಅತ್ತಳು. ಹೊರಗೆ ನಿಂತಿದ್ದ ಅನೇಕಾಂತ ಒಳಗೇನಾಯಿತೆಂದು ತಿಳಿಯದೆ, ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದ.

ಅವತ್ತು ಹುಡುಗನ ತಂದೆಯ ಕಡೆ ಬೀಸಿದ ಕೈ ಹೊಡೆಯಲು ಬೀಸಿದ್ದಲ್ಲ. ಟವೆಲ್ ತೋರಿಸಿದ್ದು ಮುಖ ಒರೆಸಲೆಂದಲ್ಲ. ಆಸ್ಪತ್ರೆಯಿಂದ ಬಂದಾಗಿನಿಂದ ಆ ಕೈ ನನ್ನ ಕೈಯನ್ನು ಹುಡುಕಿದೆ, ನಾನು ಚಾದರದೊಳಗೆ ತಳ್ಳುತ್ತಾ ಬಂದಿದ್ದೇನೆ. ಎಷ್ಟು ಮಾತು ಹೇಳಲು ಬಂದಿದ್ದರೋ.

ಏಪ್ರಿಲ್ ೩, ಗುರುವಾರ

ಇಡೀ ದಿನ ವಿಚಾರಣೆ. ಟವೆಲ್ ಹಾಕುವುದು, ಕೇಳುವುದು. ಗಂಜಿ ಬೇಕೇನ್ರಿ? ಕೊಡವಿದರು. ರೊಟ್ಟಿ? ಒತ್ತಿದರು. ಭಡಂಗ? ಎಷ್ಟು ಜೋರಾಗಿ ಒತ್ತಿದರೆಂದರೆ ಬಳೆ ಒಡೆಯಬೇಕು. ಇಷ್ಟು ದಿನ ಕಾಂಚನ ಎತ್ತಿಕೊಂಡು ಹೋದ ತಟ್ಟೆಗಳೆಲ್ಲ ಇವರಿಗೆ ಬೇಕಾಗಿದ್ದವು. ಅವಳು ಅಳುತ್ತಾ ಕುಸುಬಿ ಎಣ್ಣೆ ಹಾಕಿ ಬದನೆಕಾಯಿ ಮಾಡಿದಳು, ಇವರು ಹೊಟ್ಟೆ ತುಂಬ ಉಂಡರು.

ಕೆಲವು ಸಲ ಬೆರಳು ತಪ್ಪುತ್ತದೆ, ಒತ್ತುವಲ್ಲಿ ಕೊಡವುತ್ತಾರೆ, ತಾವೇ ಸಿಟ್ಟಾಗುತ್ತಾರೆ. ಮತ್ತೆ ಕೇಳುತ್ತೇನೆ. ಅವಸರವೇನಿದೆ.

ಏಪ್ರಿಲ್ ೭

ಡಾಕ್ಟರಮ್ಮನಿಗೆ ಟವೆಲ್ ತೋರಿಸಿದೆ. ಬಿಡಬೇಡಿ ಅಜ್ಜಿ, ಇದೇ ದಾರಿಯಲ್ಲಿ ಹೋಗೋಣ ಎಂದರು. ಬರುವಾಗ ಮಿರಜದ ಮಾರ್ಕೆಟಿನಲ್ಲಿ ಮಾವಿನಹಣ್ಣಿನವನು ಹೇಳಿದ ರೇಟು ಕೇಳಿ ಹಣೆಗೆ ಕೈ ಹಚ್ಚಿದೆ. ಕೊನೆಗೆ ನನ್ನ ಮಾತಿಗೇ ಕೊಟ್ಟ. ಇವರು ಕಾರಿನೊಳಗಿಂದ ನೋಡಿ ನಗುತ್ತಿದ್ದರು.

ಏಪ್ರಿಲ್ ೧೦, ಮಹಾವೀರ ಜಯಂತಿ

ಇವರು ಎದ್ದು ನಿಂತರು! ವ್ಯಾಯಾಮದವನು "ಏಳೋಣ?" ಎಂದ, ಇವರು "ಅಶಕ್ಯ" ಎಂದರು, ನಾನು "ಎಬ್ಬಸಪ್ಪಾ, ಹೂಂ ಅಂದಾರ," ಎಂದೆ. ಕಿಟಕಿಯ ಸರಳು ಹಿಡಿದು, ಜಿನಬಸ್ತಿಗೆ ಹೋಗುವ ಮೆರವಣಿಗೆ ಪೂರ್ತಿ ದಾಟುವವರೆಗೆ ನಿಂತರು. ಏನು ಹೇಳಲಿ, ಅಶಕ್ಯ ದಿನ.

ಏಪ್ರಿಲ್ ೩೦, ಅಕ್ಷಯ ತೃತೀಯ

ಸಾಖರಪುಡಾ ಮುಗಿಯಿತು. ಬೆಳಿಗ್ಗೆ ಬಸ್ತಿಯಲ್ಲಿ ಎಲ್ಲರೂ ಕಬ್ಬಿನ ಹಾಲು ಕುಡಿದು ಬಂದೆವು. ಡಿಗ್ರಜದಿಂದ ಒಂದು ಟೆಂಪೋ ಜನ.

ತೆಂಗಿನಕಾಯಿ ಕೊಡುವ ಹೊತ್ತು ಬಂದಾಗ ಕಾಂಚನ ನನ್ನ ಕಿವಿಯಲ್ಲಿ, "ಅತ್ತಿ, ಎಡಗೈಲೆ ಹೆಂಗ್ರಿ? ಶುಭಕಾರ್ಯ," ಎಂದಳು. ಮೆಲ್ಲಗೆ ಹೇಳಿದ್ದು, ಪಾಯಪ್ಪನಿಗೆ ಕೇಳಿಸಿತು. ಅವನು ತನ್ನ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಎಡಗೈ ಮುಂದೆ ಚಾಚಿದ. "ನಾನೂ ಇದರಲೆ ತಗೋತೇನಿ, ಬರಾಬರಿ ಆತಿಲ್ಲ?" ಎಂದ. ಕಾಯಿ ಭಾರವಾಗಿ ಇವರ ಕೈ ನಡುಗಿತು. ಬ್ರಾಹ್ಮಿ ಕೆಳಗೆ ತನ್ನ ಅಂಗೈ ಹಿಡಿದಳು. ಎಡಗೈಯಿಂದ ಎಡಗೈಗೆ ಕಾಯಿ ದಾಟಿತು.

"ಅಶಕ್ಯ!" ಎಂದರು ಇವರು, ಇಡೀ ಓಣಿಗೆ ಕೇಳುವಂತೆ. ಡಿಗ್ರಜದ ಹೆಂಗಸರೆಲ್ಲ ನಕ್ಕರು. ಚಪ್ಪಾಳೆ ತಟ್ಟಿದರು.

ಮೇ ೨, ಶುಕ್ರವಾರ

ನೆಂಟರೆಲ್ಲ ಹೋದರು. ಸಂಜೆ ಇವರಿಗೆ ಬೇಗನೆ ಉಣ್ಣಿಸಿ ಪಕ್ಕದಲ್ಲಿ ಕೂತೆ. ಕೇಳುವುದು ಏನೂ ಇರಲಿಲ್ಲ. ಆದರೂ ಟವೆಲ್ ಹಾಕಿದೆ. ಇಷ್ಟು ದಿನ ಊಟ, ಔಷಧ, ಕಾಯಿ, ಮದುವೆ ಎಲ್ಲ ಕೇಳಿದ್ದೇನೆ. ನನ್ನದು ಒಂದೂ ಕೇಳಿರಲಿಲ್ಲ. ನಾಚಿಕೆಯಾಯಿತು, ಈ ವಯಸ್ಸಿನಲ್ಲಿ. ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕೇಳಿದೆ.

"ನನ್ನ ಮಾಡಿಕೊಂಡು ನಿಮಗ ಲುಕಸಾನ ಆತೇನ್ರಿ?"

"ಅಶಕ್ಯ!" ಕೈ ಎಷ್ಟು ಜೋರಾಗಿ ಕೊಡವಿತೆಂದರೆ ಟವೆಲ್ ಕೆಳಗೆ ಬಿತ್ತು.

ಎತ್ತಿ ಮತ್ತೆ ಹಾಕಿದೆ. "ಹಂಗಾರ ಬರೋಬರಿ ಆತು?"

ಈ ಸಲ ಇವರು ಆ ಒಂದು ಶಬ್ದವನ್ನೂ ಅನ್ನಲಿಲ್ಲ. ಹೆಬ್ಬೆರಳು ನನ್ನ ಅಂಗೈಯ ನಡುವೆ ಬಂತು, ಒತ್ತಿತು. ಬಿಡುತ್ತಾರೆಂದುಕೊಂಡೆ. ಬಿಡಲಿಲ್ಲ. ಕಿಟಕಿಯಲ್ಲಿ ಹೊತ್ತು ಕೆಂಪಾಗಿ ಇಳಿಯುತ್ತಿತ್ತು.

ಅಡುಗೆಮನೆಯಿಂದ ಕಾಂಚನ, "ಅತ್ತೀ, ಹೊತ್ತ ಮುಳಗಾಕತ್ತೈತಿ, ಎದ್ದ ಬರ್ರಿ ಉಣ್ಣಾಕ!" ಎಂದು ಕೂಗಿದಳು. ಈ ಮನೆಗೆ ಬಂದಾಗಿನಿಂದ ಹೊತ್ತಿನ ಊಟ ತಪ್ಪಿಸಿದವಳಲ್ಲ ನಾನು. ಕೂತಲ್ಲಿಂದಲೇ "ಅಶಕ್ಯ!" ಎಂದು ಕೂಗಿ ಹೇಳಿದೆ. ಒಳಗೆ ಬ್ರಾಹ್ಮಿ ಯಾಕೆ ಅಷ್ಟು ನಕ್ಕಳೋ ತಿಳಿಯಲಿಲ್ಲ.